35 ಡಿಗ್ರಿಯ ಮಹನೀಯರಿಗೆ, ಕಲಬುರಗಿಯಿಂದ

ಗೆ,
ಲ್ಯಾಪ್‌ಟಾಪ್ ಕಂಪನಿಗಳ ವಿನ್ಯಾಸ ವಿಭಾಗದ ಸಮಸ್ತ ಮಹನೀಯರು,
ಎಲ್ಲೋ ಒಂದು ತಣ್ಣಗಿನ ಕೋಣೆ.

ಮಾನ್ಯರೇ,

ಮೊದಲಿಗೆ ಅಭಿನಂದನೆ. ಹೊಸ ಮಾದರಿ ಹಳೆಯದಕ್ಕಿಂತ ಇನ್ನೂ ಒಂದು ಮಿಲಿಮೀಟರ್ ತೆಳ್ಳಗಾಗಿದೆ ಎಂದು ಜಾಹೀರಾತಿನಲ್ಲಿ ಓದಿದೆ. ಆ ಮಿಲಿಮೀಟರಿಗಾಗಿ ನಮ್ಮ ಓಣಿಯಲ್ಲಿ ಯಾರಾದರೂ ಅರ್ಜಿ ಹಾಕಿದ್ದರೇ ಎಂದು ವಿಚಾರಿಸಿದೆ, ಯಾರೂ ಒಪ್ಪಿಕೊಳ್ಳಲಿಲ್ಲ. ಇರಲಿ, ಕೇಳದೆ ಕೊಡುವುದು ದೊಡ್ಡವರ ಗುಣ.

ನಿಮ್ಮ ಕೈಪಿಡಿಯನ್ನು ಪೂರ್ತಿ ಓದಿದ ಅಪರೂಪದ ಗ್ರಾಹಕರಲ್ಲಿ ನಾನೂ ಒಬ್ಬ. ಕಂಪನಿ ಯಾವುದೇ ಇರಲಿ, ಕೊನೆಯ ಪುಟಗಳಲ್ಲಿ, ಭೂತಗನ್ನಡಿ ಹಿಡಿದರೆ ಕಾಣುವ ಅಕ್ಷರದಲ್ಲಿ, ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಬಳಸುವ ಜಾಗದ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 40 ದಾಟುವುದು ಪತ್ರಿಕೆಯ ಒಳಪುಟದ ಸುದ್ದಿಯೂ ಅಲ್ಲ. ಸೂರ್ಯನಿಗೆ ನಿಮ್ಮ ಕೈಪಿಡಿಯ ಪ್ರತಿ ಇನ್ನೂ ತಲುಪಿದಂತಿಲ್ಲ.

ಸರ್ಕಾರಕ್ಕೆ ಮಾತ್ರ ಇದು ಚೆನ್ನಾಗಿ ಗೊತ್ತು. ಬೇಸಿಗೆ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಯಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದರೆ ಮಧ್ಯಾಹ್ನ 1.30ಕ್ಕೆ ಮುಗಿಯಿತು. ಗುಮಾಸ್ತರಿಗೆ, ಅಧಿಕಾರಿಗಳಿಗೆ, ಧೂಳು ಹಿಡಿದ ಕಡತಗಳಿಗೂ ಸಿಕ್ಕ ಈ ರಿಯಾಯಿತಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಲ್ಲ. ನನ್ನ ಬೆಂಗಳೂರು ಕಚೇರಿಯವರ ಆನ್‌ಲೈನ್ ಮೀಟಿಂಗ್ ಶುರುವಾಗುವುದೇ ಮಧ್ಯಾಹ್ನ ಮೂರಕ್ಕೆ.

ಮೂರಾಗಿ ಐದು ನಿಮಿಷಕ್ಕೆ ಲ್ಯಾಪ್‌ಟಾಪಿನ ಫ್ಯಾನ್ ಶ್ರುತಿ ಏರಿಸುತ್ತದೆ. ಹತ್ತಾಗುವಷ್ಟರಲ್ಲಿ ಮ್ಯಾನೇಜರ್ ಸಾಹೇಬರ ದನಿ: ‘ಯಾರ್ದೋ ಬ್ಯಾಕ್‌ಗ್ರೌಂಡ್ ನಾಯ್ಸ್ ಬರ್ತಿದೆ, ದಯವಿಟ್ಟು ಮ್ಯೂಟ್ ಮಾಡ್ಕೊಳ್ಳಿ.’ ಯಾರದೆಂದು ಎಲ್ಲರಿಗೂ ಗೊತ್ತು. ಕಲಬುರಗಿ ತೊಗರಿಯ ಕಣಜವೆಂದು ಶಾಲೆಯಲ್ಲಿ ಓದಿದ ಸಹೋದ್ಯೋಗಿಯೊಬ್ಬರು ಒಮ್ಮೆ ವಿನಯದಿಂದ ಕೇಳಿದರು: ‘ದಾಲ್‌ಮಿಲ್‌ನಿಂದ ಲಾಗಿನ್ ಆಗಿದ್ದೀರಾ ಸರ್?’

ಫ್ಯಾನನ್ನು ನಾನು ಬೈಯುವುದಿಲ್ಲ. ಇಡೀ ಪೆಟ್ಟಿಗೆಯಲ್ಲಿ ಸುಳ್ಳು ಹೇಳದ ಭಾಗ ಅದೊಂದೇ. ನಮ್ಮ ಮನೆಯ ಸೀಲಿಂಗ್ ಫ್ಯಾನಿನ ಹರವು 1200 ಮಿಲಿಮೀಟರ್. ನಿಮಿಷಕ್ಕೆ ಸುಮಾರು 350 ಸುತ್ತು ಸುತ್ತಿದರೆ ಮನೆಮಂದಿಯೆಲ್ಲ ನಿದ್ದೆ ಹೋಗುತ್ತಾರೆ. ನೀವು ಕೊಟ್ಟದ್ದು ಅಂಗೈಯಲ್ಲಿ ಅಡಗುವ ಫ್ಯಾನು. ರೆಕ್ಕೆ ಚಿಕ್ಕದಾದಷ್ಟೂ ಅಷ್ಟೇ ಗಾಳಿ ತಳ್ಳಲು ಹೆಚ್ಚು ವೇಗವಾಗಿ ತಿರುಗಬೇಕು, ಹಾಗಾಗಿ ಅದು ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ಹಾಕಿ ಕಿರುಚುತ್ತದೆ. ಪೆಟ್ಟಿಗೆ ತೆಳ್ಳಗಾದಾಗೆಲ್ಲ ದಪ್ಪ ಕಳೆದುಕೊಂಡದ್ದು ಈ ಫ್ಯಾನು ಮತ್ತು ಅದರ ಪಕ್ಕದಲ್ಲಿ ಬಿಸಿ ಸಾಗಿಸುವ ತಾಮ್ರದ ಕೊಳವೆ. ಜಾಹೀರಾತಿನ ಚಿತ್ರದಲ್ಲಿ ಇವೆರಡೂ ಕಾಣುವುದಿಲ್ಲವಲ್ಲ.

ಈ ತೆಳುವಿನ ಚಟಕ್ಕೆ ಒಂದು ಜನ್ಮದಿನವೂ ಇದೆ. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಒಂದು ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದರು, ಸಭಿಕರು ಚಪ್ಪಾಳೆ ತಟ್ಟಿದರು. ಅಂದಿನಿಂದ ನೀವೆಲ್ಲರೂ ಲಕೋಟೆಯ ಅಳತೆ ಹಿಡಿದೇ ಕೂತಿದ್ದೀರಿ. ನಮ್ಮ ಮನೆಗೆ ಲಕೋಟೆ ಬರುವುದು ವಿಮೆಯ ಕಂತಿನ ನೆನಪೋಲೆಗಷ್ಟೇ. ಅದರಲ್ಲಿ ಲ್ಯಾಪ್‌ಟಾಪ್ ತುರುಕುವ ಸಂದರ್ಭ ಈವರೆಗೆ ಒದಗಿಲ್ಲ. ಅದೇ ಮ್ಯಾಕ್‌ಬುಕ್ ಏರ್ 2020ರಲ್ಲಿ ಕಡಿಮೆ ಬಿಸಿಯಾಗುವ ಚಿಪ್ ಹಾಕಿಕೊಂಡು ಫ್ಯಾನನ್ನೇ ಕೈಬಿಟ್ಟಿತು. ಉಳಿದವರು ಬಹುಪಾಲು ತೆಳುವನ್ನು ಅನುಕರಿಸಿದಿರಿ, ತಣ್ಣಗಿರುವುದನ್ನು ಮರೆತಿರಿ.

ಇನ್ನು ವೇಗದ ಮಾತು. 12ನೇ ತಲೆಮಾರಿನ ಐ5-1235ಯು ಎಂಬ ಚಿಪ್‌ನ ವಿವರಪಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೂಲ ವಿದ್ಯುತ್ ಬಳಕೆ 15 ವ್ಯಾಟ್. ಟರ್ಬೊ ಎಂಬ ತಾತ್ಕಾಲಿಕ ಓಟಕ್ಕೆ ಏರಿದರೆ 55 ವ್ಯಾಟ್‌ವರೆಗೆ. ವೇಗ 4.4 ಗಿಗಾಹರ್ಟ್ಸ್‌ವರೆಗೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರುವುದು 4.4. ‘ವರೆಗೆ’ ಎಂಬುದು ಪಕ್ಕದಲ್ಲಿ ಮುದುಡಿ ಕೂತಿರುತ್ತದೆ. ಇಂಥ ಚಿಪ್‌ಗಳಲ್ಲಿ ಈ ಪೂರ್ಣ ಆವೇಶಕ್ಕೆ ಸಾಮಾನ್ಯವಾಗಿ ಗೊತ್ತುಮಾಡಿದ ಅವಧಿ 28 ಸೆಕೆಂಡ್. ಅಂಗಡಿಯ ಎಸಿ ಕೆಳಗೆ ತೆರೆದು ತೋರಿಸಲು, ಗಿರಾಕಿ ‘ಅಬ್ಬಾ, ಎಂಥಾ ಸ್ಪೀಡು’ ಎನ್ನಲು, ಕಾರ್ಡ್ ಉಜ್ಜಲು 28 ಸೆಕೆಂಡ್ ಧಾರಾಳ. ಮನೆಗೆ ಬಂದ ಮೇಲಿನ ಮೂರು ವರ್ಷ ನಮ್ಮ ಹಣೆಬರಹ.

ಲೆಕ್ಕ ಸರಳ. ಚಿಪ್ ಸುಮಾರು 100 ಡಿಗ್ರಿ ಮುಟ್ಟಿದರೆ ತನ್ನ ಜೀವ ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಬಿಸಿ ಹೊರಹೋಗುವುದು ಚಿಪ್ಪಿಗೂ ಕೋಣೆಗೂ ಇರುವ ಅಂತರದ ಬಲದಿಂದ. ನಿಮ್ಮ 25 ಡಿಗ್ರಿಯ ಪ್ರಯೋಗಾಲಯದಲ್ಲಿ ಆ ಅಂತರ 75. ನನ್ನ 42 ಡಿಗ್ರಿಯ ಕೋಣೆಯಲ್ಲಿ 58. ಹೆಚ್ಚುಕಡಿಮೆ ಕಾಲುಭಾಗ ಇಲ್ಲೇ ಖೋತಾ. ಬಿಲ್ಲಿನಲ್ಲಿ ಮಾತ್ರ ಕಾಲುಭಾಗ ಖೋತಾ ಆದದ್ದನ್ನು ನಾನು ಕಂಡಿಲ್ಲ.

ದೂರು ಕೊಟ್ಟರೆ ನೀವು ಉಪದೇಶ ಕೊಡುತ್ತೀರಿ. ಗಟ್ಟಿಯಾದ, ಸಮತಟ್ಟಾದ ಜಾಗದಲ್ಲಿ ಇಡಿ ಎಂದಿರಿ. ಶಹಾಬಾದ್ ಕಲ್ಲು ಹಾಸಿದ ನೆಲದ ಮೇಲೆ ಇಟ್ಟೆ. ಇದಕ್ಕಿಂತ ಗಟ್ಟಿ, ಸಮ, ತಂಪು ಜಾಗ ನಮ್ಮ ಜಿಲ್ಲೆಯಲ್ಲಿಲ್ಲ. ಬೆನ್ನು ಬಗ್ಗಿಸಿ ಟೈಪ್ ಮಾಡುವವನ ಸೊಂಟನೋವು ವಾರಂಟಿಯಲ್ಲಿ ಬರುವುದಿಲ್ಲ ಎಂದು ಆಮೇಲೆ ತಿಳಿಯಿತು. ಕೂಲಿಂಗ್ ಪ್ಯಾಡ್ ಕೊಳ್ಳಿ ಎಂದಿರಿ. ಅದು ಲ್ಯಾಪ್‌ಟಾಪಿನಿಂದಲೇ ಕರೆಂಟು ಎಳೆದುಕೊಂಡು ನೀಲಿ ದೀಪ ಹಚ್ಚಿಕೊಂಡು ಗಾಳಿ ಊದುತ್ತದೆ. 42 ಡಿಗ್ರಿಯ ಗಾಳಿಯನ್ನು ನೀಲಿ ದೀಪ ಹಚ್ಚಿ ಊದಿದರೂ ಅದು 42 ಡಿಗ್ರಿಯೇ. ಅದರಿಂದಾದ ದೊಡ್ಡ ಉಪಕಾರವೆಂದರೆ ಹಿಂಬದಿ ಒಂದಿಷ್ಟು ಮೇಲೆದ್ದು ತಳದ ಕಿಂಡಿಗಳಿಗೆ ಉಸಿರಾಡಲು ಜಾಗ ಸಿಕ್ಕಿದ್ದು. ಆ ಕೆಲಸವನ್ನು ಎರಡು ನೀರಿನ ಬಾಟಲಿಯ ಮುಚ್ಚಳಗಳು ಪುಕ್ಕಟೆ ಮಾಡುತ್ತವೆ.

ನೀವು ಹೇಳದ ಉಪಾಯವೊಂದು ನಿಜಕ್ಕೂ ಫಲಿಸುತ್ತದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ಬಂದ್ ಆಗುತ್ತದೆ, ಬಿಸಿ ಇಳಿಯುತ್ತದೆ, ಫ್ಯಾನ್ ಬಾಯಿ ಮುಚ್ಚುತ್ತದೆ. ಅಂದರೆ ಯಾವ ವೇಗಕ್ಕೆಂದು ಹಣ ಕೊಟ್ಟೆನೋ ಅದನ್ನು ಬಳಸದಿದ್ದರೆ ಯಂತ್ರ ಬಹಳ ಚೆನ್ನಾಗಿದೆ. ಚಿಪ್ಪಿನ ವೋಲ್ಟೇಜ್ ತಗ್ಗಿಸುವ ಇನ್ನೊಂದು ದಾರಿಯೂ ಇತ್ತು. 2019ರ ಕೊನೆಗೆ ಅದೇ ದಾರಿಯಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಯಲಾದ ಮೇಲೆ ಅನೇಕ ಮಾದರಿಗಳಲ್ಲಿ ಅಪ್‌ಡೇಟ್ ಕಳಿಸಿ ಅದಕ್ಕೂ ಬೀಗ ಜಡಿದಿರಿ.

ಕೊನೆಗೆ ಸೂಪರ್ ಮಾರ್ಕೆಟ್ ಹತ್ತಿರದ ಸಣ್ಣ ರಿಪೇರಿ ಅಂಗಡಿಗೆ ಹೋದೆ. ಹುಡುಗ ತಳಕ್ಕೆ ಅಂಟಿಸಿದ ರಬ್ಬರ್ ಪಟ್ಟಿಯನ್ನು ಮೆಲ್ಲಗೆ ಸುಲಿದ. ಅದರಡಿ ನೀವು ಬಚ್ಚಿಟ್ಟ ಎರಡು ಸ್ಕ್ರೂ ಸಿಕ್ಕವು. (ನಿಧಿ ಬಚ್ಚಿಟ್ಟವರೂ ಇಷ್ಟು ಜಾಣರಿರಲಿಲ್ಲ.) ಅಂಚಿಗೆ ಹಳೆಯ ಎಟಿಎಂ ಕಾರ್ಡ್ ತೂರಿಸಿ ಟಕಟಕ ಎನ್ನಿಸಿ ಮುಚ್ಚಳ ತೆಗೆದ. ಫ್ಯಾನಿನ ಬಾಯಿಗೂ ತಾಮ್ರದ ಕೊಳವೆಯ ತುದಿಯ ಜಾಲರಿಗೂ ನಡುವೆ ಬೂದು ಬಣ್ಣದ ಧೂಳು. ಚಿಮಟದಿಂದ ಎತ್ತಿದರೆ ಹರಿಯದೆ ಒಂದೇ ಪಟ್ಟಿಯಾಗಿ ಎದ್ದು ಬಂತು. ‘ಫ್ಯಾನ್ ಕೆಟ್ಟಿಲ್ರಿ ಸರ. ಅದು ದುಡೀಲಾಕ ಹತ್ಯಾದ, ಗಾಳಿಗೆ ಹೊರಗ ಹೋಗ್ಲಾಕ ದಾರಿನೇ ಇಲ್ಲ’ ಎಂದ. ರೆಕ್ಕೆ ಗಿರ್ರನೆ ತಿರುಗಿ ಬೇರಿಂಗ್ ಹಾಳಾಗದಿರಲೆಂದು ಹಲ್ಲುಕಡ್ಡಿ ಸಿಕ್ಕಿಸಿ ಹಿಡಿದು ಬ್ಲೋವರ್ ಬಿಟ್ಟ. ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಒರೆಸಿ, ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟ. ಅರ್ಧ ಗಂಟೆಯ ಕೆಲಸ. ನಿಮ್ಮ ಸಹಾಯವಾಣಿ ಇದೇ ದೂರಿಗೆ ಮದರ್‌ಬೋರ್ಡ್ ಬದಲಿಸಬೇಕಾದೀತು ಎಂದಿತ್ತು.

ಇಷ್ಟು ಸರಳ ಕೆಲಸವನ್ನು ಗ್ರಾಹಕನೇ ಮಾಡಿಕೊಳ್ಳದಂತೆ ತಡೆಯಲು ನೀವು ಪಟ್ಟ ಶ್ರಮ ದೊಡ್ಡದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಹಕ್ಕು ಪೋರ್ಟಲ್‌ನಲ್ಲಿದೆ, ಸ್ಕ್ರೂ ಇನ್ನೂ ರಬ್ಬರ್ ಅಡಿಯಲ್ಲಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಕದ್ದ ಮಿಲಿಮೀಟರುಗಳಲ್ಲಿ ಮೂರ್ನಾಲ್ಕನ್ನು ವಾಪಸ್ ಕೊಡಿ, ಫ್ಯಾನು ಹಾಗೂ ತಾಮ್ರ ಸ್ವಲ್ಪ ಮೈತುಂಬಿಕೊಳ್ಳಲಿ. ಒಂದೇ ಸ್ಕ್ರೂ ಬಿಚ್ಚಿದರೆ ಧೂಳು ತೆಗೆಯಲು ಬರುವಂಥ ಬಾಗಿಲಿಡಿ. 42 ಡಿಗ್ರಿಯ ಕೋಣೆಯಲ್ಲಿ ಒಂದು ಗಂಟೆ ದುಡಿದ ಮೇಲೆ ಉಳಿಯುವ ವೇಗ ಎಷ್ಟೆಂದು ಡಬ್ಬಿಯ ಮೇಲೆ, 4.4ರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ. ಕೊಳ್ಳುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ.

ಇಂತಿ,
ವಾರಂಟಿ ತೀರಿದ ಗ್ರಾಹಕ

ಪ್ರತಿ, ಓದುಗರ ಅವಗಾಹನೆಗೆ: ಇವರ ಉತ್ತರಕ್ಕೆ ಕಾಯಬೇಡಿ. ಯುಗಾದಿಗೆ ಮನೆಗೆ ಸುಣ್ಣ ಬಳಿಸುವಾಗ ಲ್ಯಾಪ್‌ಟಾಪನ್ನೂ ಒಮ್ಮೆ ಬಿಚ್ಚಿಸಿ ಧೂಳು ತೆಗೆಸಿ.