‘ನಾಳೆ ಬಾ’ ಎಂದು ಬರೆಸಿಕೊಂಡ ಎಚ್ಚರಿಕೆ

ಪೈಥಾನ್ ಭಾಷೆಯ ಮಾನ್ಯ ಪಾಲಕರಿಗೆ ಬಳಕೆದಾರರ ಬಹಿರಂಗ ಪತ್ರ

ವಿಷಯ: ಮುಂದೆ ಮುರಿದುಬೀಳಲಿರುವುದನ್ನು ಮುಂಚಿತವಾಗಿಯೇ, ಆದರೆ ಯಾರ ಕಿವಿಗೂ ಬೀಳದಂತೆ, ಸಾರುವ ಕೌಶಲಕ್ಕೆ ಅಭಿನಂದನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಪಾಲಕರ ಅವಗಾಹನೆಗೆ ತರಬೇಕಾದುದೇನೆಂದರೆ, 2012ರಲ್ಲಿ ಹೊರಬಂದ 3.3ನೆಯ ಆವೃತ್ತಿಯಲ್ಲಿ ‘ಮ್ಯಾಪಿಂಗ್’ ಮೊದಲಾದ ಅಮೂರ್ತ ವರ್ಗಗಳು, ಅಂದರೆ ಒಂದು ದತ್ತರಚನೆ ಯಾವ ಯಾವ ಕೆಲಸಕ್ಕೆ ಒದಗಬೇಕೆಂದು ಹೇಳುವ ಕರಾರುಪತ್ರಗಳು, ‘ಕಲೆಕ್ಷನ್ಸ್’ ಎಂಬ ಮಾಡ್ಯೂಲಿನಿಂದ ‘ಕಲೆಕ್ಷನ್ಸ್ ಡಾಟ್ ಎಬಿಸಿ’ ಎಂಬ ಹೊಸ ಮನೆಗೆ ಬಿಡಾರ ಬದಲಿಸಿದವು. ಹಳೆಯ ವಿಳಾಸ ಹಿಡಿದು ಬಂದವರನ್ನೂ ಒಳಗೆ ಬಿಟ್ಟುಕೊಳ್ಳುವ ಔದಾರ್ಯ ಮಾತ್ರ ಮುಂದುವರಿಯಿತು. ಬಳಕೆದಾರರು ತಮ್ಮ ಕೋಡಿನಲ್ಲಿ ಸೇರಿಸಬೇಕಾಗಿದ್ದುದು ಒಂದು ಚುಕ್ಕಿ ಮತ್ತು ಮೂರು ಅಕ್ಷರ. ಅದಕ್ಕೆ ಒಂಬತ್ತು ವರ್ಷಗಳ ಕಾಲಾವಕಾಶ ದೊರೆಯಿತು, ಮತ್ತು ಅದು ಸಾಲಲಿಲ್ಲ.

2018ರ 3.7ನೆಯ ಆವೃತ್ತಿಯು ಈ ಹಳೆಯ ದಾರಿ 3.8ರಲ್ಲಿ ಮುಚ್ಚುವುದೆಂದು ಎಚ್ಚರಿಸಿತು. 2019ರಲ್ಲಿ ಬಂದ 3.8, ದಾರಿಯನ್ನು ತೆರೆದೇ ಇಟ್ಟು, 3.9ರಲ್ಲಿ ಮುಚ್ಚುವುದೆಂದಿತು, 2020ರ 3.9 ಅದೇ ವಾಯಿದೆಯನ್ನು 3.10ಕ್ಕೆ ದಾಟಿಸಿತು. ಎರಡನೆಯ ಪೈಥಾನಿನಿಂದ ಆಗಷ್ಟೇ ಬಿಡಿಸಿಕೊಂಡು ಬರುತ್ತಿದ್ದ ಯೋಜನೆಗಳಿಗೆ ಇನ್ನೊಂದು ಅವಧಿ ಉಸಿರಾಡಲು ಬಿಡಬೇಕೆಂಬ ಕಾರಣ ನ್ಯಾಯವಾದುದೇ. ಆದರೆ ಕನ್ನಡನಾಡಿನ ಬಾಗಿಲುಗಳ ಮೇಲೆ ಒಂದು ಕಾಲದಲ್ಲಿ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಕ್ಕೆ ಕಳುಹಿಸುತ್ತಿದ್ದವರಿಗೆ ಚೆನ್ನಾಗಿ ತಿಳಿದಿದ್ದಂತೆ, ಓದಿ ಮರಳಿಹೋಗುವ ದೆವ್ವಕ್ಕೆ ಮನೆಯವರು ಬೇಗನೆ ಒಗ್ಗಿಕೊಳ್ಳುತ್ತಾರೆ.

ಎಚ್ಚರಿಕೆಯ ಅಡಗುತಾಣವಂತೂ ವಿಶೇಷ ಪ್ರಶಂಸೆಗೆ ಅರ್ಹವಾಗಿದೆ. ‘ಡೆಪ್ರಿಕೇಶನ್ ವಾರ್ನಿಂಗ್’ ಎಂದು ಕರೆಯಲಾಗುವ ಈ ಸಂದೇಶ, ಅಂದರೆ ಇಂದು ನಡೆಯುವ ಸೌಲಭ್ಯ ಮುಂದೊಮ್ಮೆ ನಿಲ್ಲುವುದೆಂಬ ಸೂಚನೆ, 3.2ರಿಂದೀಚೆಗೆ ಸಹಜ ಸ್ಥಿತಿಯಲ್ಲಿ ಮೌನವ್ರತಧಾರಿಯಾಗಿದ್ದು, 3.7ರ ನಂತರ ನೇರವಾಗಿ ಓಡಿಸಿದ ಕಡತದಲ್ಲಿ ಮಾತ್ರ ಬಾಯಿ ತೆರೆಯುತ್ತದೆ. ಯಾರೋ ಬರೆದು, ಎಲ್ಲರೂ ಎರವಲು ಪಡೆದಿರುವ ಗ್ರಂಥಾಲಯದೊಳಗಿನ ಹಳೆಯ ಸಾಲಿನ ಬಗ್ಗೆ, ಬೇಕೆಂದು ಕೇಳದ ಹೊರತು, ತುಟಿಪಿಟಕ್ ಎನ್ನುವುದಿಲ್ಲ. ತಿದ್ದಲಾಗದವರಿಗೆ ಕಿರಿಕಿರಿ ಬೇಡವೆಂಬುದು ಇದರ ಹಿಂದಿನ ಕರುಣೆ. ಪರೀಕ್ಷೆಗಳನ್ನು ಓಡಿಸುವ ಉಪಕರಣಗಳು ಮುಚ್ಚುಮರೆಯಿಲ್ಲದೆ ಹಳದಿ ಸಾಲುಗಳನ್ನು ಕಾರುತ್ತಿದ್ದುದು ನಿಜವಾದರೂ, ಎಲ್ಲ ಪರೀಕ್ಷೆಗಳೂ ಪಾಸಾಗಿರುವಾಗ ಹಳದಿಯನ್ನು ಓದುವ ರೂಢಿ ಯಾವ ಕಚೇರಿಯಲ್ಲೂ ಇಲ್ಲ.

2021ರ ಅಕ್ಟೋಬರಿನಲ್ಲಿ 3.10 ಬಂದಿತು. (3.9ರ ನಂತರ 3.10 ಬರುವುದನ್ನು ಗಣಿತ ಒಪ್ಪದು. ಆವೃತ್ತಿಯನ್ನು ದಶಮಾಂಶವೆಂದು ತಿಳಿದ ಕೆಲವು ಕಡತಗಳು ಅದನ್ನು 3.1 ಎಂದೇ ಓದಿಕೊಂಡವು.) ಈ ಬಾರಿ ಬಾಗಿಲಿಗೆ ಬಂದದ್ದಕ್ಕೆ ಓದು ಬರುತ್ತಿರಲಿಲ್ಲ, ‘ಮ್ಯಾಪಿಂಗ್ ಎಂಬ ಹೆಸರನ್ನು ಕಲೆಕ್ಷನ್ಸ್‌ನಿಂದ ತರಲಾಗದು’ ಎಂಬ ಒಂದೇ ಸಾಲಿನ ಇಂಪೋರ್ಟ್ ಎರರ್ ನೀಡಿ ಪ್ರೋಗ್ರಾಮುಗಳು ಮಲಗಿದವು. ತಮಗೆ ಯಾರೂ ಹೇಳಲೇ ಇಲ್ಲವೆಂದು ಬಳಕೆದಾರರು ದೂರಿದರು.

ಆದುದರಿಂದ ಮುಂದಿನ ಎಚ್ಚರಿಕೆಯಲ್ಲಿ ನಮೂದಿಸಲಾಗುವ ಆವೃತ್ತಿಯ ಸಂಖ್ಯೆಯು ನಿಜವಾದುದೋ ರೂಢಿಯದೋ ಎಂಬುದನ್ನು ಅದೇ ಸಾಲಿನಲ್ಲಿ ಸ್ಪಷ್ಟಪಡಿಸಬೇಕೆಂದು ಪ್ರಾರ್ಥಿಸಲಾಗಿದೆ.

ಇಂತಿ,
ಎಚ್ಚರಿಕೆಗಳನ್ನು ಅಡಗಿಸುವ ಆಜ್ಞೆಯೊಂದನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿರುವ ಬಳಕೆದಾರರು