ಮೊದಲ ವರ್ಷ ದಾಟಿದ ಮಹಾಶೂರರಿಗೆ ಬಿನ್ನವತ್ತಳೆ

ವೇದಿಕೆಯ ಮೇಲೆ ಆಸೀನರಾಗಿರುವ ಘನ ಅಧ್ಯಕ್ಷರೇ, ಕುರ್ಚಿ ಸಾಲದೆ ಹಿಂದೆ ನಿಂತಿರುವ ಘನತರ ಉಪಾಧ್ಯಕ್ಷರೇ, ದೀಪ ಹಚ್ಚಿದ ಕೂಡಲೇ ಕಾರು ಹತ್ತಿ ಹೋಗಿಬಿಟ್ಟ ಸನ್ಮಾನ್ಯ ಉದ್ಘಾಟಕರೇ, ಈ ಕ್ಷಣದಲ್ಲೂ ಎಲ್ಲೋ ಗಿರಗಿರನೆ ಸುತ್ತುತ್ತಿರುವ ಶ್ರೀಮನ್ಮಹಾ ಸರ್ವರ್ ಮಹಾಸ್ವಾಮಿಗಳೇ, ಹತ್ತು ನಿಮಿಷದ ಆಯುಷ್ಯ ಪಡೆದು ಹನ್ನೊಂದನೆಯ ನಿಮಿಷಕ್ಕೆ ದರ್ಶನ ಕೊಡುವ ಚಿರಂಜೀವಿ ಓಟಿಪಿಯವರೇ, ನಾಡಿನ ಉನ್ನತ ಶಿಕ್ಷಣದ ಭಾರವನ್ನೆಲ್ಲ ಹೊತ್ತಿರುವ ಜೆರಾಕ್ಸ್ ಅಂಗಡಿಯ ಪ್ರಭುಗಳೇ, ಇವರೆಲ್ಲರ ಕೃಪೆಯಿಂದ ಪದವಿಯ ಮೊದಲ ವರ್ಷವನ್ನು ಜೀವಸಹಿತ ದಾಟಿ ಬಂದು ಬಿಸಿಲಲ್ಲಿ ಕೂತಿರುವ ನನ್ನ ಮಕ್ಕಳೇ,

ಶಾಲು, ಹಾರ, ಮೈಸೂರು ಪೇಟ, ಒಂದು ಸೇಬುಸಹಿತ ಫಲತಾಂಬೂಲದೊಂದಿಗೆ ತಮಗೆ ಈ ಬಿನ್ನವತ್ತಳೆಯನ್ನು ಸಮರ್ಪಿಸುತ್ತಿದ್ದೇವೆ. ಪೇಟ ಒಂದೇ ಇದೆ. ಫೋಟೊ ಆದಮೇಲೆ ದಯವಿಟ್ಟು ವಾಪಸು ಕೊಡಿ.

ಹೇ ಪೋರ್ಟಲ್ ಪರಾಕ್ರಮಿಗಳೇ! ಹಳ್ಳಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದರು. ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬಂದ ನಿಮ್ಮನ್ನು ನಮ್ಮ ಕೌಂಟರಿನವರು ಅದನ್ನೇ ಬಾಯಲ್ಲಿ ಹೇಳಿ ಸಾಗಹಾಕಿದರು. ದೆವ್ವಕ್ಕೆ ಬುದ್ಧಿಯಿತ್ತು, ಸುಮ್ಮನಾಯಿತು. ನೀವು ನಿಜಕ್ಕೂ ನಾಳೆ ಬಂದಿರಿ, ನಾಡಿದ್ದೂ ಬಂದಿರಿ, ಅಪ್ಪನ ಒಂದು ದಿನದ ಕೂಲಿ ಕಳೆದು ಅವರನ್ನೂ ಕರೆತಂದಿರಿ. ಅಂದೂ ಸರ್ವರ್ ಮಹಾಸ್ವಾಮಿಗಳು ಧ್ಯಾನದಲ್ಲಿದ್ದರು.

ಸನ್ಮಾನದ ನಡುವೆ ಇದನ್ನು ಹೇಳಬಾರದು, ಹೇಳದೆ ಇರಲಾರೆ. ವಿದ್ಯಾರ್ಥಿವೇತನ ನೀವು ಲಗತ್ತಿಸಿದ ಪಾಸ್‌ಬುಕ್ಕಿನ ಖಾತೆಗೇ ಬರುತ್ತದೆಂದು ನಂಬಿ ಕೂರಬೇಡಿ. ಆಧಾರ್ ಮೂಲಕ ಬರುವ ಹಣ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿನ ಜತೆ ಎನ್‌ಪಿಸಿಐ ಪಟ್ಟಿಯಲ್ಲಿ ಸೇರಿದೆಯೋ ಅಲ್ಲಿಗೆ ಹೋಗುತ್ತದೆ. ಕೆವೈಸಿಗೆಂದು ಆಧಾರ್ ಕೊಟ್ಟದ್ದು ಬೇರೆ, ಇದು ಬೇರೆ. ‘ಡಿಬಿಟಿಗೆ ಸೀಡಿಂಗ್ ಆಗಿದೆಯಾ?’ ಎಂದು ಬ್ಯಾಂಕಿನಲ್ಲಿ ಇದೇ ಮಾತಲ್ಲಿ ಕೇಳಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯ ಅರ್ಜಿಗೆ ಜಾತಿ, ಆದಾಯ ಪತ್ರದ ಆರ್‌ಡಿ ಸಂಖ್ಯೆ ಬೇಕು. ಅಂಕಪಟ್ಟಿಯ ಹೆಸರು, ಆಧಾರ್‌ನ ಹೆಸರು ಇನಿಷಿಯಲ್ ಸಮೇತ ಹೊಂದಿಕೆಯಾಗಿದೆಯೇ ಎಂದು ಅರ್ಜಿಗೆ ಮುಂಚೆಯೇ ನೋಡಿಕೊಳ್ಳಿ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಲು ಒಬ್ಬರಿಗೂ ಕೈ ಬರಲಿಲ್ಲ. ಅಲ್ಲಿ ಹೋದ ವರ್ಷದ ಕ್ರೀಡಾಕೂಟದ ಪೋಸ್ಟರು ಇನ್ನೂ ಇದೆ.

ಇರಲಿ. ಹೇ ಪಠ್ಯಕ್ರಮ ಸಹಿಷ್ಣುಗಳೇ! ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದವರು ಕರ್ನಾಟಕದವರಾದ ನಾವೆಂದು 2021ರಲ್ಲಿ ಎದೆ ತಟ್ಟಿಕೊಂಡೆವು, ನಾಲ್ಕು ವರ್ಷದ ಆನರ್ಸ್ ತಂದೆವು. 2024ರ ಮೇ ತಿಂಗಳಲ್ಲಿ ರಾಜ್ಯ ಶಿಕ್ಷಣ ನೀತಿಯ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಹಿಡಿದು ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಯಾವುದು ಸರಿಯೆಂದು ದೊಡ್ಡವರು ಕಿತ್ತಾಡಲಿ. ಅಕ್ಕ ಜೋಪಾನವಾಗಿ ಎತ್ತಿಟ್ಟ ನೋಟ್ಸು ತಂಗಿಯ ಕಾಲಕ್ಕೆ ರದ್ದಿಯಾಯಿತು. ಆ ರದ್ದಿಯ ಬೆಲೆ ಯಾವ ವರದಿಯಲ್ಲೂ ಇಲ್ಲ.

ಶೇ 75 ಹಾಜರಾತಿ ಕಡ್ಡಾಯ, ನಿಮಗೆ. ಉಪನ್ಯಾಸಕರ ಹುದ್ದೆಗಳಿಗೆ ಅಂಥ ನಿಯಮವಿಲ್ಲ. ಆ ಖಾಲಿ ಜಾಗದಲ್ಲಿ ನಿಮಗೆ ಪಾಠ ಹೇಳಿದವರು ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ದುಡಿದರೂ ಅತಿಥಿಯಾಗಿಯೇ ಉಳಿದವರು. 2023ರ ನವೆಂಬರ್‌ನಲ್ಲಿ ಸೇವೆ ಕಾಯಂ ಮಾಡಿ ಎಂದು ಅವರು ತರಗತಿ ಬಿಟ್ಟು ಬೀದಿಗಿಳಿದಾಗ ಸರ್ಕಾರಿ ಪದವಿ ಕಾಲೇಜುಗಳು ಯಾರ ಬೆನ್ನ ಮೇಲೆ ನಿಂತಿವೆಯೆಂದು ತಿಳಿಯಿತು. ಅವರಿಗೆ ಇಂದು ವೇದಿಕೆಯಲ್ಲಿ ಕುರ್ಚಿ ಹಾಕಿಲ್ಲ. ಗಮನಿಸಿದ್ದೇನೆ.

ಹೇ ಮೌನವ್ರತಿಗಳೇ! ಹಿಂದಿನ ಬೆಂಚಿನವರೇ! ಪಿಯುಸಿವರೆಗೆ ಕನ್ನಡದಲ್ಲಿ ಓದಿ, ತರಗತಿಗೆ ಮೊದಲಿಗರಾಗಿ ಬಂದು, ಇಲ್ಲಿ ಮೊದಲ ವಾರವೇ ಬಾಯಿಗೆ ಬೀಗ ಹಾಕಿಕೊಂಡವರೇ! ನಿಮ್ಮನ್ನು ಏನೆಂದು ಹೊಗಳಲಿ? ಈಗಷ್ಟೇ ಮೂವರು ಭಾಷಣಕಾರರು ಕುವೆಂಪು ಹೆಸರೆತ್ತಿ ಚಪ್ಪಾಳೆ ಗಿಟ್ಟಿಸಿದರು. ಆ ಪುಣ್ಯಾತ್ಮರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪದವಿ ಪಾಠವನ್ನು ಕನ್ನಡದಲ್ಲಿ ಹೇಳಬೇಕೆಂದು ಹಟ ಹಿಡಿದಿದ್ದರು. ಅವರ ಫೋಟೊ ತೂಗುಹಾಕಿದ ಕೊಠಡಿಯಲ್ಲೇ ಕನ್ನಡದಲ್ಲಿ ಪ್ರಶ್ನೆ ಕೇಳಿದ ಹುಡುಗಿಯನ್ನು ನೋಡಿ ಮುಂದಿನ ಬೆಂಚು ನಕ್ಕಿತು, ಪಾಠ ಮಾಡುತ್ತಿದ್ದವರೂ ನಕ್ಕರು. ಅವಳು ಆಮೇಲೆ ಏನನ್ನೂ ಕೇಳಲಿಲ್ಲ. ಇದಕ್ಕೆ ಯಾವ ಶಾಲು ಹೊದಿಸುತ್ತೀರಿ, ಸ್ವಾಮಿ? ಬಿಎ, ಬಿಕಾಂ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ನಮ್ಮ ಹಲವು ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ. ಈ ಸಂಗತಿಯನ್ನು ಅವಳಿಗೆ ಹೇಳಿದವರು ಜೆರಾಕ್ಸ್ ಅಂಗಡಿಯ ಪ್ರಭುಗಳು!

ಚೀಟಿ ಬಂತು, ಮುಗಿಸಬೇಕಂತೆ. ಹಾಸ್ಟೆಲಿನವರಿಗೆ ಒಂದೇ ಮಾತು. ಪ್ರವೇಶದ ದಿನ ಓದದೆ ಸಹಿ ಹಾಕಿದ ರ‍್ಯಾಗಿಂಗ್ ವಿರೋಧಿ ಪ್ರಮಾಣಪತ್ರ ಬರೀ ಕಾಗದವಲ್ಲ. ಹಿಮಾಚಲದ ವೈದ್ಯಕೀಯ ಕಾಲೇಜೊಂದರಲ್ಲಿ ಮೊದಲ ವರ್ಷದ ಹುಡುಗನೊಬ್ಬ ರ‍್ಯಾಗಿಂಗ್‌ಗೆ ಬಲಿಯಾದ 2009ರಲ್ಲೇ ಯುಜಿಸಿಯ ಆ ನಿಯಮ ಬಂದದ್ದು. ‘ಸೀನಿಯರ್ಸ್ ತಮಾಷೆ ಮಾಡ್ತಾರೆ, ಅಡ್ಜಸ್ಟ್ ಮಾಡ್ಕೊ’ ಎನ್ನುವವರ ಮಾತು ಕೇಳಬೇಡಿ. ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಓಟಿಪಿಯವರ ಅಪ್ಪಣೆಯೂ ಬೇಕಿಲ್ಲ.

ಕೊನೆಗೆ, ಪ್ರಾಂಶುಪಾಲರಲ್ಲಿ ಅರಿಕೆ. ಮುಂದಿನ ವರ್ಷ ಈ ಸಮಾರಂಭ ಬೇಡ. ಶಾಮಿಯಾನದ ದುಡ್ಡಿನಲ್ಲಿ ಪ್ರವೇಶದ ತಿಂಗಳಲ್ಲೇ ಕಚೇರಿಯ ಮುಂದೆ ಒಂದು ಮೇಜು ಹಾಕಿಸಿ. ಇಲ್ಲಿ ಕೂತವರಲ್ಲೇ ಇಬ್ಬರನ್ನು ಅಲ್ಲಿ ಕೂರಿಸಿ. ಯಾವ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.