ಸ್ವಾಮಿಗೆ ರಜೆ

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೆದ್ದಾರಿಯಲ್ಲಿ ಬರುವವರಿಗೆ ಗೊಟಗೋಡಿ ಅಂದರೆ ಎರಡು ಗುರುತು. ಒಂದು ಜಾನಪದ ವಿಶ್ವವಿದ್ಯಾಲಯ, ಇನ್ನೊಂದು ಉತ್ಸವ ರಾಕ್ ಗಾರ್ಡನ್. ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಈ ತೋಟದಲ್ಲಿ ಸಾವಿರಕ್ಕೂ ಹೆಚ್ಚು ಸಿಮೆಂಟಿನ ಜನ, ದನ, ಕುರಿ, ಕೋಳಿ ಬೀಡುಬಿಟ್ಟಿವೆ. ಸೊಲಬಕ್ಕನವರು 2020ರಲ್ಲಿ ತೀರಿಕೊಂಡರು. ಅವರು ಕೂಡಿಸಿದ ಊರು ಮಾತ್ರ ತನ್ನ ಕೆಲಸ ಬಿಟ್ಟಿಲ್ಲ. ಸವಣೂರಿನ ನಮ್ಮ ದೊಡ್ಡವ್ವ ಒಮ್ಮೆ ಅಲ್ಲಿಗೆ ಬಂದವಳು ಒಬ್ಬ ಸಿಮೆಂಟಿನ ಹೆಣ್ಣುಮಗಳ ಮುಂದೆ ನಿಂತು, ‘ಯಾವೂರಾಕಿ ಅವ್ವಾ ನೀ?’ ಅಂತ ಕೇಳಿಬಿಟ್ಟಳು. ಉತ್ತರ ಬರಲಿಲ್ಲ. ‘ಭಾಳ ಸೊಕ್ಕಿನಾಕಿ’ ಅಂತ ಮುಂದೆ ನಡೆದಳು.

ನಮ್ಮ ಅಕ್ಕನ ಮಗನಿಗೆ ಹತ್ತು ವರ್ಷ. ರಜೆಗೆ ಬಂದಾಗಲೆಲ್ಲ ಈ ತೋಟ ಸುತ್ತಿ ಸುತ್ತಿ ಅವನಿಗೆ ಸಿಮೆಂಟಿನ ಎತ್ತುಗಳ ಗುರುತೂ ಸಿಕ್ಕುಬಿಟ್ಟಿದೆ. ಈ ಸಲ ಮೊಬೈಲಿನಲ್ಲಿ ಆರ್. ಕೆ. ನಾರಾಯಣ್ ಕತೆಗಳ ಧಾರಾವಾಹಿ ‘ಮಾಲ್ಗುಡಿ ಡೇಸ್’ ನೋಡಿದ್ದ, ಅದರೊಳಗಿನ ಹುಡುಗ ಸ್ವಾಮಿಯನ್ನೂ. ‘ಮಾಮಾ, ಸ್ವಾಮಿ ಊರಿಗೆ ಹೋಗೂಣು’ ಅಂದ. ಮಾಲ್ಗುಡಿ ಅನ್ನುವ ಊರೇ ಇಲ್ಲ ಅಂದೆ. ಟೇಶನ್ ಕಾಣಸ್ತದಲ್ಲ, ಊರು ಹೆಂಗಿಲ್ಲ ಅಂದ. ಈ ವಾದಕ್ಕೆ ಎದುರಾಡುವುದು ಕಷ್ಟ. ಪಕ್ಕದ ಮನೆಯ ನಿವೃತ್ತ ಮಾಸ್ತರರೂ ‘ನಾನೂ ಬರ್ತೇನ್ರಿ’ ಅಂತ ಕೊಡೆ ಹಿಡಿದು ಹೊರಟರು. ಎಲ್ಲಿಗೆ ಅಂತ ಕೇಳಿದ್ದು ಕಾರು ಹಾವೇರಿ ದಾಟಿದ ಮೇಲೆ.

ಹಿರೇಕೆರೂರು ದಾಟಿ ಶಿಕಾರಿಪುರದ ದಾರಿ ಹಿಡಿದರೆ ಮೆಕ್ಕೆಜೋಳದ ಹೊಲಗಳು ಹಿಂದೆ ಸರಿದು ಅಡಿಕೆ ತೋಟಗಳು ಎದುರಾಗುತ್ತವೆ. ರಿಪ್ಪನ್‌ಪೇಟೆ ಹತ್ತಿರದ ಅರಸಾಳು ನಾವು ಹೋಗಬೇಕಾದ ಜಾಗ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಮಾರ್ಗದ ಸಣ್ಣ ನಿಲ್ದಾಣ. ಶಂಕರ್‌ನಾಗ್ 1986ರ ಸುಮಾರಿಗೆ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಮಾಡಿದಾಗ ಬೀದಿ, ಮನೆಗಳನ್ನೆಲ್ಲ ಆಗುಂಬೆಯಿಂದ ತಗೊಂಡರು, ರೈಲು ನಿಲ್ದಾಣವನ್ನು ಅರಸಾಳಿನಿಂದ. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದ ಮೇಲೆ ಹಳೆಯ ನಿಲ್ದಾಣದ ಕಟ್ಟಡ ಕೆಲಸವಿಲ್ಲದೆ ಕೂತಿತ್ತು. ರೈಲ್ವೆಯವರು ಅದನ್ನು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಇದಕ್ಕೂ ಕೈಹಾಕಿದರು ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

ಮಾಸ್ತರರು ದಾರಿಯ ಒಂದು ಹೋಟೆಲನ್ನೂ ಅವಮಾನಿಸದೆ ಬಂದದ್ದರಿಂದ ನಾವು ಮುಟ್ಟುವಾಗ ಸಂಜೆ ಇಳಿದಿತ್ತು. ಬಾಗಿಲಿಗೆ ಕೀಲಿ.

ಹುಡುಗ ಅಳುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಅರಳಿತು. ‘ರಜಾ ಐತೇನು ಮಾಮಾ ಸ್ವಾಮಿಗೆ?’ ಅಂದ. ನಿಜವೇ. 1935ರಲ್ಲಿ ಅಚ್ಚಾದ ನಾರಾಯಣರ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಶುರುವಾಗುವುದೇ ಸೋಮವಾರ ಬೆಳಗಿನ ಬೇಸರದಿಂದ. ಸರ್ಕಾರಿ ಕಟ್ಟಡದ ಬಾಗಿಲು ಮುಚ್ಚಿದ್ದು ಕಂಡರೆ ಕುಣಿದಾಡುವವನು ಸ್ವಾಮಿ. ಅವನ ಊರಿನ ಹೆಸರಿನ ಮ್ಯೂಸಿಯಂ ದಿನವಿಡೀ ಹಾಜರಿರಬೇಕು ಅಂತ ಬಯಸುವುದು ನಮ್ಮಂಥ ದೊಡ್ಡವರು.

ಹುಡುಗ ಕಿಟಕಿಯ ಗಾಜಿಗೆ ಮೂಗು ಒತ್ತಿದ. ಒಳಗೆ ಕತ್ತಲು, ಗಾಜಿನಲ್ಲಿ ಅವನ ಮುಖ, ಅದರ ಹಿಂದೆ ಮಾಸ್ತರರ ಕೊಡೆ. ಅಷ್ಟರಲ್ಲಿ ಅವನ ಕೈಯೊಳಗೆ ಹಳಿಯ ಪಕ್ಕದ ಒಂದು ಜಲ್ಲಿಕಲ್ಲು ಇರುವುದು ಮಾಸ್ತರರ ಕಣ್ಣಿಗೆ ಬಿತ್ತು. ಕಾದಂಬರಿಯಲ್ಲಿ ಸ್ವಾಮಿ ಹರತಾಳದ ಗದ್ದಲದಲ್ಲಿ ಸಾಲೆಯ ಕಿಟಕಿ ಗಾಜು ಒಡೆಯುತ್ತಾನೆ. ಮಾಸ್ತರರಿಗೆ ಅದು ಗೊತ್ತು, ಹುಡುಗನಿಗೂ ಗೊತ್ತು ಅನ್ನುವುದೂ ಗೊತ್ತು. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತ ಗತ್ತಿನಲ್ಲಿ ಅಂಗೈ ಚಾಚಿದರು. ಹುಡುಗ ಸುಮ್ಮನೆ ಕಲ್ಲು ಇಟ್ಟ. ಅವರು ಅದನ್ನು ಎಸೆಯಲಿಲ್ಲ, ಜುಬ್ಬಾದ ಜೇಬಿಗೆ ಇಳಿಸಿದರು. ವಶಪಡಿಸಿಕೊಂಡ ಗೋಲಿಗುಂಡ, ಬುಗುರಿಗಳನ್ನೂ ಹಿಂದೆ ಹೀಗೇ ಇಳಿಸುತ್ತಿದ್ದರಂತೆ.

ಪ್ಲಾಟ್‌ಫಾರ್ಮಿನ ಮೇಲೆ ಕೂತು ಕತೆ ಹೇಳುವ ಪಾಳಿ ನನಗೆ ಬಂತು. ಆರ್. ಕೆ. ನಾರಾಯಣ್ 1930ರ ವಿಜಯದಶಮಿಯ ದಿನ ಬೆಂಗಳೂರಿನಲ್ಲಿ ಹೊಸ ನೋಟ್‌ಬುಕ್ ತೆರೆದು ಬರೆಯಲು ಕೂತರು. ಮುಹೂರ್ತ ಅಜ್ಜಿ ಇಟ್ಟದ್ದು. ಮೊದಲು ಮೂಡಿದ್ದು ಒಂದು ರೈಲು ನಿಲ್ದಾಣ. ಊರು, ಸರಯೂ ಹೊಳೆ, ಮೆಂಪಿ ಗುಡ್ಡ ಎಲ್ಲ ಆಮೇಲೆ. ಅಂದರೆ ಇಲ್ಲದ ಊರಿಗೆ ಒಂದು ಗುರುತು ಇಡುವುದಾದರೆ ನಿಲ್ದಾಣವೇ ಸರಿಯಾದ ಜಾಗ. ಟೇಶನ್ ಇದ್ದ ಮೇಲೆ ಊರು ಹೆಂಗಿಲ್ಲ ಅಂದ ಹುಡುಗ ತಪ್ಪೇನೂ ಹೇಳಿರಲಿಲ್ಲ.

ನಾರಾಯಣ್ ನಿಜವಾಗಿ ಬಾಳಿದ ಮೈಸೂರು ಯಾದವಗಿರಿಯ ಮನೆಗೆ ಇಷ್ಟು ಸುಲಭದ ಯೋಗ ಇರಲಿಲ್ಲ. 2011ರಲ್ಲಿ ಅದನ್ನು ಕೆಡವಲು ಶುರುಮಾಡಿಯೇ ಬಿಟ್ಟಿದ್ದರು. ಜನ ಗಲಾಟೆ ಮಾಡಿದ್ದರಿಂದ ಗೋಡೆಗಳು ಉಳಿದವು. 2016ರಲ್ಲಿ ಮ್ಯೂಸಿಯಂ ಆಯಿತು. ಇರುವ ಮನೆ ಉಳಿಸಲು ಗಲಾಟೆ ಬೇಕಾಯಿತು. ಇಲ್ಲದ ಊರಿನ ನಿಲ್ದಾಣ ಟಿ.ವಿ.ಯ ಪುಣ್ಯದಿಂದ ಉಳಿಯಿತು.

ಪೂರಾ ಮುಚ್ಚಿಹೋದ ಮ್ಯೂಸಿಯಂಗಳೂ ಇವೆ. ಜಪಾನಿನ ಹಕೋನೆಯಲ್ಲಿ ಫ್ರೆಂಚ್ ಲೇಖಕ ಸೇಂತ್‌ ಎಕ್ಸುಪೆರಿಯ ‘ಪುಟ್ಟ ರಾಜಕುಮಾರ’ನಿಗೆ ಒಂದು ಮ್ಯೂಸಿಯಂ ಇತ್ತು. 1999ರಲ್ಲಿ ತೆರೆದರು, ಫ್ರಾನ್ಸಿನ ಬೀದಿಗಳನ್ನೇ ಅಲ್ಲಿ ಎಬ್ಬಿಸಿದರು, ಗುಲಾಬಿ ತೋಟ ಮಾಡಿದರು. 2023ರ ಮಾರ್ಚ್ 31ಕ್ಕೆ ಬಾಗಿಲು ಹಾಕಿದರು. ಒಂದೇ ಒಂದು ಗುಲಾಬಿಗಾಗಿ ಜೀವ ಬಿಡುತ್ತಿದ್ದ ರಾಜಕುಮಾರನಿಗೆ ಅಷ್ಟೊಂದು ಗುಲಾಬಿ ನೆಟ್ಟಿದ್ದರು! ಮಾಸ್ತರರಿಗೆ ಇದನ್ನು ಹೇಳಿದೆ. ‘ನೀರಿಂದ ತ್ರಾಸು ಆಗಿರಬೇಕು’ ಅಂದರು. ಸವಣೂರು ಕಡೆಯವರ ಯೋಚನೆ ಮೊದಲು ನೀರಿಗೇ ಹೋಗುತ್ತದೆ.

ಹೊರಡುವಾಗ ಹುಡುಗ ಕೇಳಿದ್ದು ಶಂಕರ್‌ನಾಗ್ ಬಗ್ಗೆ. ಎಲ್ಲಿದ್ದಾರೆ ಅವರು ಅಂದ. ಹೇಳದೆ ವಿಧಿಯಿರಲಿಲ್ಲ. 1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆ ಉತ್ತರ ಕರ್ನಾಟಕದ ಕಡೆ ಹೊರಟಿದ್ದವರು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕರು. ವಯಸ್ಸು 35. ಅದೇ ಹೆದ್ದಾರಿ ಮುಂದೆ ಬಂದು ಗೊಟಗೋಡಿ ದಾಟುತ್ತದೆ. ಜೋಕುಮಾರನನ್ನು ಪುಟ್ಟಿಯಲ್ಲಿ ಹೊತ್ತು ಬೇವಿನ ತಪ್ಪಲು ಸಿಗಿಸಿಕೊಂಡು ಮನೆಮನೆಗೆ ಬರುವ ಹೆಣ್ಣುಮಕ್ಕಳ ಸೀಮೆ ನಮ್ಮದು. ಆ ಸಿನಿಮಾ ಆಗಿದ್ದರೆ ನಮ್ಮ ಕಡೆಯ ಯಾವುದಾದರೂ ಊರಿಗೂ ಒಂದು ಮಾಲ್ಗುಡಿಯ ಭಾಗ್ಯ ಬರುತ್ತಿತ್ತೇನೋ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾಸ್ತರರು ಜೇಬಿನಿಂದ ಜಲ್ಲಿಕಲ್ಲು ತೆಗೆದು ಅವನ ಕೈಗೆ ಕೊಟ್ಟರು. ನಿವೃತ್ತರಾದ ಮೇಲೆ ಅವರು ಬಹಳ ಸಡಿಲ ಬಿಟ್ಟಿದ್ದಾರೆ.

ಅರಸಾಳಿಗೆ ಹೋಗುವವರಿಗೆ ಒಂದೆರಡು ಮಾತು. ಹೊತ್ತಿಗೆ ಮುಂಚೆ ಹೋಗಿ, ಸಾಧ್ಯವಾದರೆ ಶಿವಮೊಗ್ಗದಿಂದ ರೈಲಿನಲ್ಲೇ ಹೋಗಿ. ಮಾಲ್ಗುಡಿಗೆ ಕಾರಿನಲ್ಲಿ ಇಳಿಯುವುದು ಅಷ್ಟು ಚಂದವಲ್ಲ. ಬಾಗಿಲು ಹಾಕಿದ್ದರೆ ಕಾವಲುಗಾರನ ಜೊತೆ ಜಗಳ ತೆಗೆಯಬೇಡಿ, ಪಾಪ, ಅವನಿಗೂ ಮನೆ ಇದೆ. ಜೊತೆಗೆ ಒಂದು ಮಗುವಿರಲಿ, ಚೀಲದಲ್ಲಿ ಪುಸ್ತಕವಿರಲಿ. ಮಾಸ್ತರರನ್ನು ಕರೆದೊಯ್ಯುವುದಾದರೆ ಬೆಳಗಿನ ನಾಷ್ಟಾ ಮನೆಯಲ್ಲೇ ಮುಗಿಸಿ ಹೊರಡಿ.